‘ಆದ ಮೇಲೆ’ ಎಂಬ ಮಾತು

(ಕಲಬುರಗಿಯಲ್ಲಿ ಹಿರಿಯರ ಬಳಗವೊಂದು ಕರೆದಿದ್ದ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಸಭಿಕರೊಬ್ಬರು ಆಡಿದ ಮಾತನ್ನೂ ಸೇರಿಸಿದ್ದೇನೆ.)

ಹಿರಿಯರೇ, ತಾಯಂದಿರೇ, ಹಿಂದಿನ ಸಾಲಿನಲ್ಲಿ ಕುಳಿತಿರುವ ಪಿಯುಸಿ ಮಕ್ಕಳೇ,

ನಾನು ಮೂವತ್ತಮೂರು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿದವಳು. ನಾಲ್ಕು ವರ್ಷಗಳ ಹಿಂದೆ, ಅರವತ್ತು ತುಂಬಿದ ತಿಂಗಳ ಕೊನೆಯ ದಿನ, ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ನನ್ನನ್ನು ಬೀಳ್ಕೊಟ್ಟರು. ಅಂದು ಮಾತನಾಡಿದವರೆಲ್ಲ ಒಂದೇ ಹಾರೈಕೆ ಹೇಳಿದರು: ‘ಮೇಡಂ, ಇನ್ನಾದರೂ ನಿಮಗಾಗಿ ನೀವು ಬದುಕಿರಿ.’ ಪ್ರೀತಿಯ ಮಾತು. ಕೈ ಮುಗಿದು ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದಾಗ ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಾಯಿತು. ಕೈ ತಾನಾಗಿಯೇ ಸೆರಗನ್ನು ಸರಿಮಾಡಿಕೊಂಡಿತು. ಹಾಗೆಯೇ ನಿಂತುಬಿಟ್ಟೆ. ‘ನಿಮಗಾಗಿ’ ಎಂದರಲ್ಲ, ಆ ‘ನಾನು’ ಯಾರು? ಮೂವತ್ತಮೂರು ವರ್ಷ ಅವಳು ಎಲ್ಲಿದ್ದಳು? ಪಾಠ ಹೇಳುತ್ತಿದ್ದವಳು, ಮಕ್ಕಳ ಡಬ್ಬಿ ಕಟ್ಟುತ್ತಿದ್ದವಳು, ಆಸ್ಪತ್ರೆಯಲ್ಲಿ ಗಂಡನ ಪಕ್ಕ ರಾತ್ರಿ ಕಳೆದವಳು ನಾನಲ್ಲದೆ ಬೇರೆ ಯಾರಾಗಿದ್ದರು?

ಅಂದಿನಿಂದ ಕೂಡಿಸಿಕೊಂಡ ಯೋಚನೆಗಳನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಬದುಕನ್ನು ಮುಂದೂಡುವುದಕ್ಕೆ ನಮ್ಮ ಮನೆಗಳಲ್ಲಿ ಒಂದು ಮಾತಿದೆ: ‘ಆದ ಮೇಲೆ’. ಎಸ್ಸೆಸ್ಸೆಲ್ಸಿ ಆದ ಮೇಲೆ ಆಟ. ನೌಕರಿ ಆದ ಮೇಲೆ ನೆಮ್ಮದಿ. ಮದುವೆ ಆದ ಮೇಲೆ ಊರು ನೋಡುವುದು. ಮಗಳ ಮದುವೆ ಆದ ಮೇಲೆ, ಮನೆಗೆ ಸ್ಲ್ಯಾಬ್ ಆದ ಮೇಲೆ, ನಿವೃತ್ತಿ ಆದ ಮೇಲೆ. ನಿವೃತ್ತಿಯಾದ ಮೇಲೆ ಮಾತು ತಿರುಗಿಬೀಳುತ್ತದೆ. ‘ಆಗ ಎಷ್ಟು ಚೆನ್ನಾಗಿತ್ತು’ ಎನ್ನಲು ಶುರು ಮಾಡುತ್ತೇವೆ. ನಲವತ್ತು ವರ್ಷ ಮುಂದೆ ನೋಡಿದೆವು, ಉಳಿದ ಇಪ್ಪತ್ತು ವರ್ಷ ಹಿಂದೆ ನೋಡುತ್ತೇವೆ. ನನಗೆ ಇದು ದೊಡ್ಡ ನಷ್ಟವೆಂದು ತೋರುತ್ತದೆ. ಪ್ರತಿ ವಯಸ್ಸಿಗೂ ಅದರದೇ ಆದ ಒಂದು ಕೆಲಸವಿದೆ, ಬೇರೆ ವಯಸ್ಸಿನಲ್ಲಿ ಅದನ್ನು ಮಾಡಲು ಬರುವುದಿಲ್ಲ ಎಂದು ನಾನು ನಂಬಿದ್ದೇನೆ. ಅದನ್ನು ಆಯಾ ಹೊತ್ತಿಗೆ ಕಾಣುವುದು ಹೇಗೆ ಎಂಬುದೇ ನನ್ನ ಪ್ರಶ್ನೆ.

ನಾಲ್ಕು ಆಶ್ರಮಗಳ ಲೆಕ್ಕ ನಿಮಗೆಲ್ಲ ಗೊತ್ತಿರುವುದೇ. ಓದು, ಸಂಸಾರ, ಸಂಸಾರದಿಂದ ಹಿಂದೆ ಸರಿಯುವುದು, ಕೊನೆಗೆ ಎಲ್ಲವನ್ನೂ ಬಿಡುವುದು. ಆ ದಾರಿಯ ಕೊನೆಯ ಹೆಜ್ಜೆಯನ್ನು ನಿಜವಾಗಿಯೂ ಇಟ್ಟನೆಂದು ಹೆಸರಾದ ದೊರೆಯೊಬ್ಬ ನಮ್ಮ ಜಿಲ್ಲೆಯಿಂದಲೇ ಆಳಿದವನು. ಸೇಡಂ ಕಡೆಗೆ ಹೋಗುವಾಗ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡದ ಕೋಟೆ ಕಾಣುತ್ತದಲ್ಲ, ಅದು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗ 814ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ, ನಮ್ಮ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳ ವಯಸ್ಸು. ಮೊದಲ ವರ್ಷಗಳಲ್ಲೇ ದಂಗೆ ಎದುರಿಸಿದ, ಅಧಿಕಾರ ಕಳೆದುಕೊಂಡು ಮತ್ತೆ ಪಡೆದ, ಅರವತ್ತು ವರ್ಷಕ್ಕೂ ಹೆಚ್ಚು ಆಳಿದ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥ ಕವಿರಾಜಮಾರ್ಗ ಅವನ ಆಸ್ಥಾನದಲ್ಲಿ ಹುಟ್ಟಿತು. ಅವನ ಹೆಸರಿನಲ್ಲಿರುವ ಪ್ರಶ್ನೋತ್ತರ ರತ್ನಮಾಲಿಕೆಯ ಕೊನೆಯ ಪದ್ಯ ಅವನನ್ನು ವಿವೇಕದಿಂದ ರಾಜ್ಯವನ್ನು ತ್ಯಜಿಸಿದವನು ಎಂದು ಕರೆಯುತ್ತದೆ. ‘ವಿವೇಕದಿಂದ’ ಎಂಬ ಮಾತು ನನಗೆ ಬಹಳ ಹಿಡಿಸುತ್ತದೆ. ದಣಿದು ಬಿಟ್ಟನೆಂದಿಲ್ಲ, ಸೋತು ಬಿಟ್ಟನೆಂದೂ ಇಲ್ಲ.

ಆದರೂ ನನ್ನ ಮನಸ್ಸಿನಲ್ಲಿ ಒಂದು ತಕರಾರು ಉಳಿದಿದೆ. ಆ ನಾಲ್ಕು ಮೆಟ್ಟಿಲುಗಳಲ್ಲಿ ನನ್ನ ಅವ್ವನನ್ನು ಎಲ್ಲಿ ಕೂರಿಸಲಿ? ಅವಳಿಗೆ ಓದಿನ ಆಶ್ರಮ ಸಿಗಲೇ ಇಲ್ಲ, ಹದಿನಾಲ್ಕಕ್ಕೆ ಮದುವೆಯಾಯಿತು. ಐವತ್ತರಲ್ಲಿ ಹಿಂದೆ ಸರಿಯುತ್ತೇನೆ ಎಂದಿದ್ದರೆ ಹಟ್ಟಿಯಲ್ಲಿ ದನಗಳಿಗೆ ನೀರು ಕುಡಿಸುವವರು ಯಾರಿದ್ದರು? ಬಿಡುವುದಕ್ಕೆ ಮೊದಲು ಕೈಯಲ್ಲಿ ಏನಾದರೂ ಇರಬೇಕು. ರಾಜ್ಯವಿದ್ದವನು ರಾಜ್ಯ ಬಿಟ್ಟ. ಕೂಲಿಗೆ ಹೋಗಿ ಹೊಟ್ಟೆ ಹೊರೆಯುವ ಹೆಂಗಸಿಗೆ ‘ಎಲ್ಲ ಮುಗಿಸಿ ಆಮೇಲೆ ಆತ್ಮದ ವಿಚಾರ ಮಾಡು’ ಎಂದರೆ ಆ ‘ಆಮೇಲೆ’ ಅವಳಿಗೆ ಎಂದೂ ಬರುವುದಿಲ್ಲ.

ಈ ತಕರಾರಿಗೆ ಉತ್ತರವೂ ನಮ್ಮ ಸೀಮೆಯಲ್ಲೇ ಸಿಕ್ಕಿತು. ಬೀದರ ಜಿಲ್ಲೆಯ ಬಸವಕಲ್ಯಾಣ, ಹನ್ನೆರಡನೆಯ ಶತಮಾನದ ಕಲ್ಯಾಣ. ಅಲ್ಲಿ ಕೂಡಿದ ಶರಣರು ಮೆಟ್ಟಿಲುಗಳ ಲೆಕ್ಕವನ್ನೇ ಕೈಬಿಟ್ಟರು. ನುಲಿಯ ಚಂದಯ್ಯನವರು ಹಗ್ಗ ಹೊಸೆಯುತ್ತಲೇ, ಕದಿರ ರೆಮ್ಮವ್ವೆ ನೂಲು ತೆಗೆಯುತ್ತಲೇ ಶರಣರಾದರು. ದುಡಿಮೆ, ಸಂಸಾರ, ಅರಿವು ಎಲ್ಲವೂ ಒಂದೇ ದಿನದೊಳಗೆ, ಒಂದೇ ಮನೆಯೊಳಗೆ. ಮೊದಲು ಇದು, ಆಮೇಲೆ ಅದು ಎಂಬ ಸರದಿ ಅಲ್ಲಿರಲಿಲ್ಲ. ಕಾಯಕ ಎಂಬ ಶಬ್ದವನ್ನು ನಾವು ಈಗ ಕಚೇರಿಯ ಗೋಡೆಯ ಮೇಲೆ ಬರೆಸಿ ಮರೆತಿದ್ದೇವೆ. ಅವರಿಗೆ ಅದು ಬದುಕಿನ ಯಾವ ದಿನವೂ ಬರಿದಾಗಿ ಹೋಗಬಾರದೆಂಬ ಹಟವಾಗಿತ್ತು.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಪ್ರಸಂಗವನ್ನು ಮಕ್ಕಳಿಗೆ ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ಅದು ನನಗೆ ತಟ್ಟಿದ್ದು ಮಾತ್ರ ನಲವತ್ತೈದರ ಸುಮಾರಿಗೆ. ಬಿದ್ದ ಅಕ್ಕಿಯನ್ನು ಆಯ್ದು ತಂದು, ಬೇಯಿಸಿ, ಜಂಗಮರಿಗೆ ಉಣಿಸಿ ಉಣ್ಣುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ನೋಡಿದವರೇ, ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ, ಹೋಗಿ ಅಲ್ಲಿಯೇ ಸುರಿದು ಬನ್ನಿ ಎಂದರು. ಕದ್ದ ಅಕ್ಕಿಯಲ್ಲ ಅದು, ಆಯ್ದದ್ದೇ. ಆದರೂ ಆ ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು. ಆಗ ನಾವು ಕಲಬುರಗಿಯಲ್ಲಿ ಎರಡನೆಯ ಸೈಟು ತೆಗೆದುಕೊಳ್ಳಲು ಸಾಲಕ್ಕೆ ಓಡಾಡುತ್ತಿದ್ದೆವು. ಸಂಜೆ ಟ್ಯೂಷನ್ ಹೇಳುತ್ತಿದ್ದೆ. ಮನೆಗೆ ಬರುವಷ್ಟರಲ್ಲಿ ಮಗ ನಿದ್ದೆ ಹೋಗಿರುತ್ತಿದ್ದ. ಅವನು ಆರನೆಯ ತರಗತಿಯಿಂದ ಒಂಬತ್ತಕ್ಕೆ ಬಂದ ಆ ಮೂರು ವರ್ಷಗಳಲ್ಲಿ ಅವನ ಗೆಳೆಯರು ಯಾರೆಂದು ನನಗೆ ತಿಳಿಯದು. ಸೈಟು ಈಗಲೂ ಇದೆ, ಸುತ್ತ ಜಾಲಿ ಬೆಳೆದಿದೆ. ಮಗ ಬೆಂಗಳೂರಿನಲ್ಲಿದ್ದಾನೆ, ಒಳ್ಳೆಯವನು, ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಆ ಮೂರು ವರ್ಷಗಳನ್ನು ಮಾತ್ರ ಈಗ ಯಾರೂ ನನಗೆ ತಂದುಕೊಡಲಾರರು. ನಡುವಯಸ್ಸಿನವರು ಇಲ್ಲಿ ಕೆಲವರಿದ್ದೀರಿ, ನಿಮಗಾಗಿ ಇದನ್ನು ಹೇಳಿದೆ.

ಹಿಂದಿನ ಸಾಲಿನ ಮಕ್ಕಳಿಗೆ ತೊಗರಿಯ ಮಾತು ಹೇಳುತ್ತೇನೆ. ತೊಗರಿ ಕಣಜದ ಮಕ್ಕಳು ನೀವು. ಮುಂಗಾರಿಗೆ ತೊಗರಿ ಬಿತ್ತುತ್ತೇವೆ, ಸಾಲುಗಳ ನಡುವೆ ಹೆಸರೋ ಉದ್ದೋ ಹಾಕುತ್ತೇವೆ. ಹೆಸರು ಎರಡು, ಎರಡೂವರೆ ತಿಂಗಳಿಗೆ ಕೈಗೆ ಬಂದು ಹಬ್ಬದ ಖರ್ಚಿಗಾಗುತ್ತದೆ. ಆ ಹೊತ್ತಿಗೆ ತೊಗರಿಯನ್ನು ನೋಡಿದರೆ ಬೇಸರವಾಗಬೇಕು, ಅಷ್ಟು ನಿಧಾನ. ಹೆಸರು ಕಿತ್ತ ಮೇಲೆ ಅದು ಹರಡಿಕೊಂಡು, ಚಳಿ ಬೀಳುವಾಗ ಹೂ ಬಿಟ್ಟು, ಡಿಸೆಂಬರ್, ಜನವರಿಗೆ ಕೊಯ್ಲಿಗೆ ಬರುತ್ತದೆ. ನಿಮ್ಮ ಗೆಳೆಯನಿಗೆ ಇಪ್ಪತ್ತೆರಡಕ್ಕೆ ಕೆಲಸ ಸಿಕ್ಕಿತು, ನಿಮಗೆ ಸಿಗಲಿಲ್ಲ ಎಂದು ಎದೆಗೆಡಬೇಡಿ. ಒಂದೇ ಹೊಲದಲ್ಲಿ ಎರಡು ಬೆಳೆಗಳ ಕಾಲ ಬೇರೆ ಬೇರೆ.

ಇನ್ನೊಂದು ವಿಷಯವೂ ಅದೇ ಹೊಲದ್ದು. ಬಿತ್ತಿ ಐವತ್ತು ದಿನದ ಆಸುಪಾಸಿನಲ್ಲಿ ತೊಗರಿಯ ಕುಡಿ ಚಿವುಟುತ್ತಾರೆ. ಮೇಲಕ್ಕೆ ಹೋಗಬೇಕಾದ ತುದಿಯನ್ನು ತೆಗೆದರೆ ಗಿಡ ಪಕ್ಕಕ್ಕೆ ಕೊಂಬೆ ಒಡೆಯುತ್ತದೆ, ಕಾಯಿ ಹೆಚ್ಚು ಕಟ್ಟುತ್ತದೆ. ಹರೆಯದಲ್ಲಿ ಬಹಳ ಜನರ ಕುಡಿಯನ್ನು ಬದುಕು ಹೀಗೆ ಚಿವುಟುತ್ತದೆ. ನನಗೆ ಹಳಗನ್ನಡದಲ್ಲಿ ಸಂಶೋಧನೆ ಮಾಡುವ ಆಸೆಯಿತ್ತು. ಎಂ.ಎ. ಮುಗಿದ ವರ್ಷವೇ ಅಪ್ಪ ಹಾಸಿಗೆ ಹಿಡಿದರು, ಮನೆಗೆ ಸಂಬಳ ಬೇಕಾಯಿತು, ಬಿ.ಎಡ್. ಮಾಡಿ ಶಾಲೆ ಸೇರಿದೆ. ಪಕ್ಕದ ಕೊಂಬೆ ಚೆನ್ನಾಗಿಯೇ ಬಂತು. ನನ್ನ ಕೈಯಲ್ಲಿ ಓದಿದ ಮಕ್ಕಳು ನಾಲ್ಕೈದು ಸಾವಿರವಾದರೂ ಇರಬೇಕು. ಆದರೆ ಚಿವುಟಿದ ತುದಿ ಎಲ್ಲಿಗೆ ಹೋಗುತ್ತಿತ್ತೋ ಅದು ಬೇರೆಯೇ. ‘ಎಲ್ಲ ಒಳ್ಳೆಯದಕ್ಕೇ ಆಯಿತು’ ಎಂದು ಹೇಳಿ ಆ ಹುಡುಗಿಯ ಆಸೆಯನ್ನು ಹಗುರ ಮಾಡಲು ನನಗೆ ಮನಸ್ಸಿಲ್ಲ.

ತಂದೆ ತಾಯಂದಿರಿಗೂ ಇಲ್ಲಿ ಒಂದು ಮಾತಿದೆ. ಹೂ ಬಿಟ್ಟ ತೊಗರಿಯನ್ನು ಯಾವ ರೈತನೂ ಚಿವುಟುವುದಿಲ್ಲ, ಕಾಯಿಯೇ ಹೋಗುತ್ತದೆ. ಮಗಳು ಒಂದು ದಾರಿ ಹಿಡಿದು ಅದರಲ್ಲಿ ಅರಳುತ್ತಿರುವಾಗ ‘ಸಾಕು, ಮದುವೆ’ ಎನ್ನುವ ಮನೆಗಳನ್ನು ನಾನು ಶಿಕ್ಷಕಿಯಾಗಿ ಬಹಳ ಕಂಡಿದ್ದೇನೆ. ಅಂಥ ಎಷ್ಟೋ ಹುಡುಗಿಯರ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ.

ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮನೋವಿಶ್ಲೇಷಕ ಎರಿಕ್ ಎರಿಕ್ಸನ್ 1950ರಲ್ಲಿ ಮನುಷ್ಯನ ಬಾಳನ್ನು ಎಂಟು ಘಟ್ಟಗಳಾಗಿ ವಿವರಿಸಿದರು. ಪ್ರತಿ ಘಟ್ಟದಲ್ಲೂ ಒಂದು ಎಳೆದಾಟ. ಹಸುಗೂಸಿಗೆ ಈ ಜಗತ್ತನ್ನು ನಂಬಬಹುದೇ ಎಂಬುದು, ಹದಿಹರೆಯಕ್ಕೆ ನಾನು ಯಾರು ಎಂಬುದು. ಬಿ.ಎಡ್.ನಲ್ಲಿ ಪರೀಕ್ಷೆಗಾಗಿ ಇದನ್ನೆಲ್ಲ ಬಾಯಿಪಾಠ ಮಾಡಿದ್ದೆ. ಈಗ ಮತ್ತೆ ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಏಳನೆಯದು. ನಡುವಯಸ್ಸಿನಲ್ಲಿ ಮನುಷ್ಯ ಮುಂದಿನವರನ್ನು ಬೆಳೆಸುವುದರಲ್ಲಿ ತೊಡಗುತ್ತಾನೆ, ಇಲ್ಲವೇ ನಿಂತ ನೀರಾಗುತ್ತಾನೆ ಎಂದರು ಅವರು. ಬೆಳೆಸುವುದು ಎಂದರೆ ಹೆತ್ತ ಮಕ್ಕಳನ್ನಷ್ಟೇ ಅಲ್ಲ. ಮಕ್ಕಳಿಲ್ಲದವರೂ ಒಂದು ವಿದ್ಯೆಯನ್ನು, ಒಂದು ಸಂಸ್ಥೆಯನ್ನು, ಪಕ್ಕದ ಮನೆಯ ಹುಡುಗನನ್ನು ಬೆಳೆಸುತ್ತಾರೆ. ಎಂಟನೆಯದು ಮುಪ್ಪು. ಬಾಳಿದ ಬಾಳನ್ನು ಇದು ನನ್ನದೇ ಎಂದು ಒಪ್ಪಿಕೊಳ್ಳುವುದು, ಇಲ್ಲವೇ ಹತಾಶೆ. ಅವರ ಪತ್ನಿ ಜೋನ್ ಎರಿಕ್ಸನ್ ತೊಂಬತ್ತು ದಾಟಿದ ಮೇಲೆ ಇದಕ್ಕೆ ಒಂಬತ್ತನೆಯ ಘಟ್ಟವನ್ನು ಸೇರಿಸಿದರು. ದೇಹ ಕೈಕೊಡುವ ಆ ವಯಸ್ಸಿನಲ್ಲಿ ಹಿಂದಿನ ಎಲ್ಲ ಎಳೆದಾಟಗಳೂ ಮತ್ತೆ ಎದುರಾಗುತ್ತವೆ ಎಂದು ಬರೆದರು. ಅಲ್ಲಿಗೆ ಹೋಗಿ ನಿಂತವರಿಗೆ ಮಾತ್ರ ಕಾಣುವ ಸಂಗತಿ ಅದು. ಅಷ್ಟು ವಯಸ್ಸಾದವರನ್ನು ನಾವು ಕೇಳದೇ ಇದ್ದರೆ ಏನೇನು ಕಳೆದುಕೊಳ್ಳುತ್ತಿದ್ದೇವೋ ಎಂದು ನನಗೆ ಆತಂಕವಾಗುತ್ತದೆ.

ನಡುವಯಸ್ಸಿನಲ್ಲಿ ಬೆಳೆಸುವುದು ಎಂದಾಗ ನನಗೆ ಬೀದರಿನ ಮದರಸಾ ನೆನಪಾಗುತ್ತದೆ. ಮಹಮೂದ್ ಗವಾನ್ ಇರಾನಿನ ಗೀಲಾನಿನಿಂದ ವ್ಯಾಪಾರಕ್ಕೆಂದು ಹೊರಟು ಬೀದರಿಗೆ ಬಂದಾಗ ನಲವತ್ತು ದಾಟಿದ್ದ. ಕುದುರೆ ಮಾರಿಕೊಂಡು ಸುಖವಾಗಿ ಇರಬಹುದಿತ್ತು. ಬಹಮನಿ ರಾಜ್ಯದ ಮಂತ್ರಿಯಾದ, ಆಡಳಿತವನ್ನು ತಿದ್ದಿದ, 1472ರಲ್ಲಿ ಆ ವಿದ್ಯಾಲಯವನ್ನು ಕಟ್ಟಿಸಿದ. ಹಗೆಗಳು ಸೃಷ್ಟಿಸಿದ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನ 1481ರಲ್ಲಿ ಅವನನ್ನು ಕೊಲ್ಲಿಸಿದ. ಅರ್ಧ ಉರುಳಿದ ಆ ಕಟ್ಟಡದಲ್ಲಿ, ಉಳಿದ ಒಂದೇ ಮಿನಾರಿನ ನೀಲಿ ಹೆಂಚುಗಳ ಕೆಳಗೆ, ನನ್ನ ಶಾಲೆಯ ಮಕ್ಕಳು ಪ್ರವಾಸದ ದಿನ ಬುತ್ತಿ ಬಿಚ್ಚಿ ಉಂಡಿದ್ದಾರೆ. ಅವನ ಕೊನೆ ಅನ್ಯಾಯದ್ದು. ಆದರೂ ಅವನ ಬದುಕು ಪೂರ್ತಿಯಾಗಲಿಲ್ಲ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಬೀದರಿಗೆ ಹೋದ ಮೇಲೆ ಬಿದ್ರಿ ಪಾತ್ರೆ ಮಾಡುವವರ ಓಣಿಗೆ ಹೋಗದೆ ಬರಲಾಗದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಅರದಿಂದ ತಿಕ್ಕಿ ನುಣುಪು ಮಾಡುತ್ತಾರೆ, ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡಿ ಅದರ ಮೇಲೆ ಚಿತ್ರ ಬರೆದು ಉಳಿಯಿಂದ ಕೊರೆಯುತ್ತಾರೆ, ಕೊರೆದಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಆ ಮೊದಲ ಕಪ್ಪು ನಿಲ್ಲುವುದಿಲ್ಲ, ಉಜ್ಜಿದಾಗ ಹೋಗಿಬಿಡುತ್ತದೆ. ಕೊನೆಯಲ್ಲಿ ಹಳೆಯ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿ ಬಿಸಿಯಾದ ಪಾತ್ರೆಗೆ ಹಚ್ಚಿದಾಗ ಲೋಹ ಗಾಢ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಎಲ್ಲ ಮಣ್ಣಿಗೂ ಆ ಗುಣವಿಲ್ಲ. ಸರಿಯಾದ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿಯಿಂದ ಗುರುತಿಸುತ್ತಾರೆ. ನಾನು ಹೋದ ಮನೆಯಲ್ಲಿ ಹದಿನೈದರ ಹುಡುಗ ಅರ ತಿಕ್ಕುತ್ತಿದ್ದ, ಅವನ ಅಪ್ಪ ತಂತಿ ಕೂರಿಸುತ್ತಿದ್ದರು. ಅಜ್ಜನ ಕಣ್ಣಿಗೆ ಪೊರೆ ಬಂದಿತ್ತು, ಕೈ ನಡುಗುತ್ತಿತ್ತು, ಉಳಿ ಹಿಡಿದು ಹತ್ತು ವರ್ಷವಾಗಿತ್ತು. ಆದರೆ ಹೊಸ ಮಣ್ಣು ಬಂದಾಗ ಚಿಟಿಕೆ ಮಣ್ಣನ್ನು ಮೊದಲು ಅವರ ಅಂಗೈಗೆ ಇಡುತ್ತಾರೆ. ಅವರು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಹೌದು ಎಂದರೆ ಹೌದು, ಬೇಡ ಎಂದರೆ ಬೇಡ. ಅವರ ಮಗನೂ ರುಚಿ ನೋಡಬಲ್ಲರು, ಆದರೂ ಅಪ್ಪನನ್ನು ಕೇಳುತ್ತಾರೆ. ‘ನನ್ನ ನಾಲಿಗೆಗೆ ಇನ್ನೂ ಆ ವಯಸ್ಸಾಗಿಲ್ಲ’ ಎಂದರು ಆ ಮಗ.

ಊರಿಗೆ ಬರುವ ಬಸ್ಸಿನಲ್ಲಿ ನನಗೆ ಅವ್ವನದೇ ನೆನಪು. ಕೊನೆಯ ಆರು ವರ್ಷ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ಕೂರುತ್ತಿದ್ದಳು. ನನ್ನ ತಮ್ಮನ ಹೆಂಡತಿ ಜೋಳದ ರೊಟ್ಟಿ ಬಡಿಯುತ್ತಿದ್ದರೆ ಆ ಸದ್ದನ್ನಷ್ಟೇ ಕೇಳಿ, ‘ಹಿಟ್ಟಿನಲ್ಲಿ ಜಿಗಿ ಇಲ್ಲ ಮಗಳೇ, ಎಸರು ಇನ್ನಷ್ಟು ಕಾಯಲಿ, ಅಂಚು ಒಡೆಯುತ್ತಿದೆ’ ಎನ್ನುತ್ತಿದ್ದಳು. ನೋಡಿದರೆ ಅಂಚು ಒಡೆದೇ ಇರುತ್ತಿತ್ತು. ಅಷ್ಟು ವರ್ಷ ರೊಟ್ಟಿ ಬಡಿದ ಕೈಯ ಅರಿವೆಲ್ಲ ಕಿವಿಗೆ ಬಂದು ಕುಳಿತಿತ್ತು. ನಾವು ಅವಳನ್ನು ‘ಆರಾಮವಾಗಿ ಒಳಗೆ ಮಲಗು’ ಎಂದು ಒತ್ತಾಯಿಸುತ್ತಿದ್ದೆವು. ಪ್ರೀತಿಯಿಂದಲೇ ಹೇಳುತ್ತಿದ್ದೆವು. ಅವಳ ಕೈಯಲ್ಲಿ ಉಳಿದಿದ್ದ ಒಂದೇ ಕೆಲಸವನ್ನು ಕಸಿಯುತ್ತಿದ್ದೇವೆ ಎಂದು ನಮಗೆ ಹೊಳೆಯಲಿಲ್ಲ. ತಮ್ಮನ ಹೆಂಡತಿಗೆ ಹೊಳೆದಿತ್ತು. ‘ಅತ್ತೆ ಅಲ್ಲೇ ಕೂರಲಿ, ನನಗೆ ಬೇಕು’ ಎಂದಳು ಅವಳು. ಮನೆಯಲ್ಲಿ ವಯಸ್ಸಾದವರಿರುವ ಎಲ್ಲರಿಗೂ ನಾನು ಕೈಮುಗಿದು ಹೇಳುವುದು ಇದನ್ನೇ. ಅವರಿಗೆ ಬರೀ ವಿಶ್ರಾಂತಿ ಕೊಟ್ಟು ಸುಮ್ಮನಾಗಬೇಡಿ. ನಿಮಗೆ ಅವರಿಂದ ಏನಾದರೂ ಬೇಕಾಗಲಿ.

ವಯಸ್ಸು ಮೀರಿತು ಎನ್ನುವವರು ಒಮ್ಮೆ ಬಂದೇನವಾಜ್ ದರ್ಗಾದ ಕಡೆಗೆ ನೋಡಬೇಕು. ಸೂಫಿ ಸಂತ ಖ್ವಾಜಾ ಬಂದೇನವಾಜರು ಹುಟ್ಟಿದ್ದು 1321ರಲ್ಲಿ, ದೆಹಲಿಯಲ್ಲಿ. 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟರು, ನಮ್ಮ ಊರಿಗೆ ಬರುವಾಗ ಎಂಬತ್ತರ ಆಸುಪಾಸು. ಎಲ್ಲ ಮುಗಿಯಿತೆಂದು ಬಂದವರಲ್ಲ. ಮುಂದೆ 1422ರವರೆಗೆ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ಇಲ್ಲಿ ಬೋಧಿಸಿದರು. ಕಲಬುರಗಿಗೂ ಅವರಿಗೂ ಇರುವ ನಂಟೆಲ್ಲ ಹುಟ್ಟಿದ್ದು ಆ ವರ್ಷಗಳಲ್ಲಿ.

ಇಷ್ಟು ಹೇಳಿದ ಮೇಲೆ ಒಂದನ್ನು ಹೇಳದೇ ಹೋದರೆ ತಪ್ಪಾಗುತ್ತದೆ. ನನಗೆ ಐವತ್ತೊಂದು ಆಗಿದ್ದಾಗ ನನ್ನ ಗಂಡ ತೀರಿಕೊಂಡರು. ಸಂತೈಸಲು ಬಂದವರು ‘ಇದಕ್ಕೂ ಏನೋ ಅರ್ಥ ಇರುತ್ತದೆ’ ಎಂದರು. ಹದಿಮೂರು ವರ್ಷವಾಯಿತು, ನನಗೆ ಆ ಅರ್ಥ ಕಂಡಿಲ್ಲ. ಕಾಣಬೇಕೆಂಬ ಒತ್ತಾಯವನ್ನೂ ಈಗ ಬಿಟ್ಟಿದ್ದೇನೆ. ಕೆಲವು ನೋವುಗಳು ಬರೀ ನೋವುಗಳು. ಆ ವರ್ಷ ಎಳ್ಳಮಾವಾಸ್ಯೆಗೆ ಹೊಲಕ್ಕೆ ಬರುವುದಿಲ್ಲ ಎಂದಿದ್ದೆ. ಅವ್ವನೇ ಎಬ್ಬಿಸಿ ಕರೆದುಕೊಂಡು ಹೋದಳು. ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೋಗಿ, ಹಸಿರು ಜೋಳದ ನಡುವೆ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿದೆವು. ಅವ್ವ ಒಂದೂ ಸಮಾಧಾನದ ಮಾತು ಹೇಳಲಿಲ್ಲ. ನನ್ನ ತಟ್ಟೆಗೆ ಬಡಿಸುತ್ತಲೇ ಇದ್ದಳು. ನಾನು ಅಂದು ಹಸಿದು ಉಂಡೆ. ಅದಕ್ಕಿಂತ ಹೆಚ್ಚಿನದನ್ನು ಈ ವಿಷಯದಲ್ಲಿ ನಾನು ಹೇಳಲಾರೆ.

ನನ್ನ ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿರಿ.

(ಸಭೆಯಲ್ಲಿ ಮೊದಲು ಎದ್ದು ನಿಂತವರು ಎಂಬತ್ತೇಳು ವರ್ಷದ ಹಿರಿಯರು. ನಿಜಾಮರ ಕಾಲದಲ್ಲಿ, 1948ಕ್ಕೆ ಮುಂಚೆ, ಉರ್ದು ಶಾಲೆಗೆ ಹೋದವರು. ಮುಂದೆ ಇಡೀ ಬದುಕು ಕನ್ನಡದಲ್ಲಿ ವ್ಯವಹರಿಸಿದರೂ ಉರ್ದು ಓದುವುದನ್ನು ಬಿಟ್ಟಿರಲಿಲ್ಲವಂತೆ. ಅವರು ಹೇಳಿದ್ದು ಇಷ್ಟು:

‘ಪ್ರಶ್ನೆ ಇಲ್ಲ ತಂಗಿ. ಹಳೆಯ ಹೊಲದ ಕಾಗದಗಳನ್ನು ತೆಗೆದುಕೊಂಡು ಜನ ನನ್ನ ಹತ್ತಿರ ಬರುತ್ತಾರೆ. ಅವೆಲ್ಲ ಉರ್ದುವಿನಲ್ಲಿವೆ, ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ. ಸರ್ವೆ ನಂಬರು ಯಾವುದು, ಯಾರಿಂದ ಯಾರಿಗೆ ಬಂತು ಎಂದು ಭೂತಗನ್ನಡಿ ಹಿಡಿದು ಓದಿ ಹೇಳುತ್ತೇನೆ. ಮೊದಮೊದಲು ನನಗೆ ಇದು ಕಿರಿಕಿರಿ ಅನಿಸುತ್ತಿತ್ತು. ಈಗ ಎರಡು ತಿಂಗಳಿಂದ ಆಳಂದ ಕಡೆಯ ಒಬ್ಬ ಹುಡುಗ ಬರುತ್ತಿದ್ದಾನೆ. ವಕೀಲಿ ಓದುತ್ತಿದ್ದಾನೆ. ಮುತ್ಯಾ, ಇದನ್ನು ನನಗೂ ಕಲಿಸಿರಿ ಎಂದ. ಅಕ್ಷರ ಬಂದಿದೆ, ಕೈಬರಹ ಇನ್ನೂ ಹಿಡಿಯುತ್ತಿಲ್ಲ. ಆರು ಗಂಟೆಗೆ ಬರುತ್ತೇನೆಂದಿದ್ದಾನೆ, ನಾನು ಹೊರಡಬೇಕು.’

ಊರುಗೋಲು ತೆಗೆದುಕೊಂಡು ಅವರು ಸಾಲುಗಳ ನಡುವೆ ನಿಧಾನವಾಗಿ ಬಾಗಿಲಿನ ಕಡೆಗೆ ನಡೆದರು. ಹಿಂದಿನ ಸಾಲಿನ ಇಬ್ಬರು ಮಕ್ಕಳು ಎದ್ದು ಆಟೋ ತರಲು ಓಡಿದರು.)